ಒಣ ಧೂಳು ಉಜ್ಜಬೇಡಿ: ಕಾರಿನ ಮೆರುಗಿನ ಹಿಂದಿನ ಕೈಗಳು

ಕಾರನ್ನು ಮುಟ್ಟಿದಾಗ ನಾವು ಅದರ ಬಣ್ಣವನ್ನು ಮುಟ್ಟುವುದಿಲ್ಲ. ಬೆರಳಿಗೆ ತಾಗುವುದು ಬಣ್ಣದ ಮೇಲಿರುವ, ಬಣ್ಣವೇ ಇಲ್ಲದ ಒಂದು ಪದರ. ಇವತ್ತು ಕಾರ್ಖಾನೆಯಿಂದ ಹೊರಬರುವ ಸಾಮಾನ್ಯ ಕಾರಿನ ಮೈಮೇಲೆ ನಾಲ್ಕು ಲೇಪಗಳಿರುತ್ತವೆ. ತಗಡಿಗೆ ತುಕ್ಕು ಹಿಡಿಯದಂತೆ ಮೊದಲನೆಯದು, ಅದರ ಒರಟುತನ ಮುಚ್ಚಲು ಎರಡನೆಯದು, ಕಣ್ಣಿಗೆ ಕಾಣುವ ಬಣ್ಣ ಮೂರನೆಯದು, ಆ ಬಣ್ಣವನ್ನು ಬಿಸಿಲು ಮಳೆಗಳಿಂದ ಕಾಯಲು ಪಾರದರ್ಶಕವಾದ ನಾಲ್ಕನೆಯದು. ಎಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಮೇಲಿನ ಪಾರದರ್ಶಕ ಪದರವೊಂದೇ 40-50 ಮೈಕ್ರಾನ್. ನಮ್ಮ ತಲೆಗೂದಲು ಸಾಮಾನ್ಯವಾಗಿ ಅದಕ್ಕಿಂತ ದಪ್ಪ.

ಇಷ್ಟು ತೆಳುವಾದ ಒಂದು ಪದರವನ್ನು ಉಳಿಸಿಕೊಳ್ಳಲು ನೂರು ವರ್ಷಗಳಿಂದ ಜನ ಏನೇನು ಮಾಡಿದ್ದಾರೆ, ಅದರಲ್ಲೂ ಯಾರು ಮಾಡಿದ್ದಾರೆ ಎಂಬುದು ಈ ಬರಹದ ವಿಷಯ. ಇಪ್ಪತ್ತನೆಯ ಶತಮಾನದ ಮೊದಲರ್ಧದ ಮೋಟಾರು ಜಾಹೀರಾತುಗಳನ್ನೂ ಮಾಲೀಕರಿಗೆಂದು ಅಚ್ಚಾದ ಕೈಪಿಡಿಗಳನ್ನೂ ಇಟ್ಟುಕೊಂಡು ನಾನು ಪಿಎಚ್.ಡಿ. ಕೆಲಸ ಮಾಡುತ್ತಿದ್ದೇನೆ. ಹೊಸ ಲೇಪವೊಂದು ಬಂದಾಗಲೆಲ್ಲ ಜಾಹೀರಾತು ಹೇಳುವುದು ಒಂದೇ ಮಾತು: ಇನ್ನು ನಿಮಗೆ ಕೆಲಸವಿಲ್ಲ. ಅದೇ ಕಾರಿನ ಕೈಪಿಡಿ ತೆರೆದರೆ ಕೆಲಸಗಳ ಪಟ್ಟಿ ಇರುತ್ತದೆ. ಈ ಎರಡು ಕಾಗದಗಳ ನಡುವೆ ಎಲ್ಲೋ ಕಳೆದುಹೋದ ಮನುಷ್ಯನನ್ನು ಹುಡುಕುವುದು ನನಗೆ ಮುಖ್ಯವಾಗಿ ಕಂಡಿದೆ.

ತಂತ್ರಜ್ಞಾನದ ಚರಿತ್ರೆಯಲ್ಲಿ ಇಂಥ ಹುಡುಕಾಟ ಹೊಸದೇನಲ್ಲ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪ್ರಕಟಿಸಿದ 'ಮೋರ್ ವರ್ಕ್ ಫಾರ್ ಮದರ್' ಪುಸ್ತಕದಲ್ಲಿ, ಬಟ್ಟೆ ಒಗೆಯುವ ಯಂತ್ರ, ಗ್ಯಾಸ್ ಒಲೆಗಳು ಬಂದ ಮೇಲೂ ಗೃಹಿಣಿಯ ದುಡಿಮೆಯ ಗಂಟೆಗಳು ಇಳಿಯಲಿಲ್ಲವೆಂದು ತೋರಿಸಿದರು. ಕೆಲಸದ ರೂಪ ಬದಲಾಯಿತು, ಮಾಡುವವರು ಬದಲಾದರು, ಸ್ವಚ್ಛತೆಯ ಮಟ್ಟದ ಬಗ್ಗೆ ನಿರೀಕ್ಷೆ ಏರಿತು. ಬ್ರಿಟನ್ನಿನ ಡೇವಿಡ್ ಎಡ್ಜರ್ಟನ್ ಇನ್ನೊಂದು ದಿಕ್ಕಿನಿಂದ ಬಂದು, ನಾವು ಆವಿಷ್ಕಾರದ ಕಥೆಗಳನ್ನಷ್ಟೇ ಬರೆಯುತ್ತಾ ದುರಸ್ತಿ ಮತ್ತು ನಿರ್ವಹಣೆಯ ಕಥೆಗಳನ್ನು ಬಿಟ್ಟುಬಿಟ್ಟಿದ್ದೇವೆ ಎಂದರು. ಕಾರಿನ ಮೆರುಗು ಈ ಎರಡೂ ಮಾತುಗಳಿಗೆ ಒಳ್ಳೆಯ ಉದಾಹರಣೆ.

*

ಮೊದಲ ಕಾರುಗಳಿಗೆ ಬಣ್ಣ ಹಚ್ಚಿದವರು ಕುದುರೆ ಸಾರೋಟುಗಳಿಗೆ ಬಣ್ಣ ಹಚ್ಚುತ್ತಿದ್ದವರೇ. ಅವರ ಕೈಯಲ್ಲಿದ್ದ ಮುಖ್ಯ ವಸ್ತು ಮೆರುಗೆಣ್ಣೆ, ಅಂದರೆ ವಾರ್ನಿಶ್. ಅಗಸೆ ಎಣ್ಣೆಯನ್ನು ಕೋಪಲ್ ಎಂಬ ಗಟ್ಟಿ ರಾಳದೊಂದಿಗೆ ಕಾಯಿಸಿ, ಟರ್ಪೆಂಟೈನ್ ಬೆರೆಸಿ ತಯಾರಿಸುತ್ತಿದ್ದದ್ದು. ಈ ರಾಳಕ್ಕಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಸೇಲಂ ಬಂದರಿನ ಹಡಗುಗಳು ಪೂರ್ವ ಆಫ್ರಿಕದ ಜಾಂಜಿಬಾರ್‌ವರೆಗೆ ಹೋಗಿಬರುತ್ತಿದ್ದವು. ಅಗಸೆ ಎಣ್ಣೆ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ನಿಧಾನವಾಗಿ ಹೀರಿಕೊಂಡು ಗಟ್ಟಿಯಾಗುತ್ತದೆ. ಹೀಗಾಗಿ ಒಂದು ಲೇಪ ಹಚ್ಚಿ ದಿನಗಟ್ಟಲೆ ಕಾಯಬೇಕು, ನುಣುಪು ಕಲ್ಲಿನಿಂದ ನೀರು ಹಾಕಿ ತೀಡಬೇಕು, ಮತ್ತೆ ಹಚ್ಚಬೇಕು, ಮತ್ತೆ ಕಾಯಬೇಕು. ಒಳ್ಳೆಯ ಗಾಡಿಗೆ ಹದಿನೈದು ಇಪ್ಪತ್ತು ಲೇಪ ಬೀಳುತ್ತಿದ್ದವು. ಒಣಗುವ ಹೊತ್ತಿನಲ್ಲಿ ಒಂದು ಧೂಳಿನ ಕಣ ಕೂತರೂ ಕೆಲಸ ಕೆಟ್ಟಿತು. ಆದ್ದರಿಂದ ವಾರ್ನಿಶ್ ಕೋಣೆಯ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದಂತೆ ಕೆಲಸ ಮಾಡುತ್ತಿದ್ದರು.

ಇಲ್ಲೊಂದು ಪದದ ಪ್ರಯಾಣವನ್ನು ಹೇಳಬೇಕು. ಬಣ್ಣದ ಜಗತ್ತು ಇವತ್ತಿಗೂ ಬಳಸುವ 'ಲ್ಯಾಕರ್' ಎಂಬ ಮಾತು ಹೊರಟದ್ದು ಭಾರತದಿಂದ. ಸಂಸ್ಕೃತದ ಲಾಕ್ಷಾ, ಅದರಿಂದ ಬಂದ ಲಾಖ್, ಅದನ್ನು ಎತ್ತಿಕೊಂಡ ಪೋರ್ಚುಗೀಸರ ಲಾಕಾ, ಕೊನೆಗೆ ಇಂಗ್ಲಿಷಿನ ಲ್ಯಾಕರ್. ನಮಗೆ ಅದು ಅರಗು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಅರಗು. ಮರದ ಕೊಂಬೆಗಳ ಮೇಲೆ ಕೂತ ಸಣ್ಣ ಕೀಟ ತನ್ನ ಮೈಯನ್ನು ಕಾಯ್ದುಕೊಳ್ಳಲು ಸ್ರವಿಸುವ ರಾಳ ಅದು. ನಮ್ಮ ಸೀಮೆಯಲ್ಲಿ ಜಾಲಾರಿ ಮರಗಳ ಮೇಲೆ ಅದನ್ನು ಬೆಳೆಸುತ್ತಿದ್ದರು. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರದ ಗೊಂಬೆಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜಾಟದ ಕಾವಿಗೇ ಅದು ಕರಗಿ ಹರಡುತ್ತದೆ. ಮೇಲೆ ಒಣಗಿದ ಗರಿಯಿಂದ ಉಜ್ಜಿದರೆ ಮಿಂಚುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯ ಹೆಸರಿನಲ್ಲೇ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಇಂದು ನಾವು ಅದನ್ನು ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿಯಿಂದ ಗುರುತಿಸುತ್ತೇವೆ. ಆದರೆ ಅರಗು ಕಾರಿನ ಮೈಗೆ ಒದಗಲಿಲ್ಲ. ನೀರು ಬಿದ್ದರೆ ಬಿಳುಪೇರುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಪದಾರ್ಥ ಗೊಂಬೆಗೆ, ಪೀಠೋಪಕರಣಕ್ಕೆ ಉಳಿಯಿತು. ಹೆಸರು ಮಾತ್ರ ಕಾರು ಹತ್ತಿತು.

ವಾರ್ನಿಶ್ ಹಚ್ಚಿದ ಗಾಡಿಯನ್ನು ಕಾಯುವುದು ಹಚ್ಚುವಷ್ಟೇ ಶ್ರಮದ ಕೆಲಸ. ಸಾರೋಟಿನ ಕಾಲದ ಕೈಪಿಡಿಗಳ ಸಲಹೆಗಳು ಹೆಚ್ಚುಕಡಿಮೆ ಒಂದೇ ತೆರನಾಗಿವೆ. ಗಾಡಿಯನ್ನು ಲಾಯದ ಪಕ್ಕದಲ್ಲಿ ನಿಲ್ಲಿಸಬಾರದು, ಅಲ್ಲಿಂದ ಏಳುವ ಅಮೋನಿಯಾದ ಹಬೆ ಮೆರುಗನ್ನು ತಿನ್ನುತ್ತದೆ. ಬಿಸಿನೀರು, ಖಾರವಾದ ಸಾಬೂನು ಬೇಡ. ಬಿಸಿಲಿನಲ್ಲಿ ತೊಳೆಯಬಾರದು. ಕೆಸರು ಒಣಗುವ ಮೊದಲೇ ತಣ್ಣೀರು ಹರಿಸಿ ನೆನೆಯಲು ಬಿಡಬೇಕು. ಅದು ತಾನಾಗಿ ಜಾರಿಹೋಗಬೇಕೇ ಹೊರತು ಬಟ್ಟೆಯಿಂದ ಉಜ್ಜಿ ತೆಗೆಯಬಾರದು. ಕೊನೆಗೆ ಹದ ಮಾಡಿದ ಮೆದು ತೊಗಲಿನಿಂದ ಒತ್ತಿ ಒರೆಸಬೇಕು. ಈ ಸಲಹೆಗಳನ್ನು ಓದುವವನು ಯಜಮಾನ, ಮಾಡುವವನು ಲಾಯದ ಆಳು. ಅಷ್ಟೆಲ್ಲ ಮಾಡಿದರೂ ಕೆಲವು ವರ್ಷಕ್ಕೆ, ಹೆಚ್ಚು ಓಡಾಡುವ ಗಾಡಿಯಾದರೆ ಇನ್ನೂ ಬೇಗ, ಹೊಸದಾಗಿ ವಾರ್ನಿಶ್ ಹೊಡೆಸಬೇಕಾಗುತ್ತಿತ್ತು.

*

ಫೋರ್ಡ್ ಕಂಪನಿ 1908ರಲ್ಲಿ ಮಾಡೆಲ್ ಟಿ ಕಾರನ್ನು ಹೊರತಂದಾಗ ಅದು ಕಪ್ಪಾಗಿರಲಿಲ್ಲ. ಹಸಿರು, ಕೆಂಪು, ಬೂದು, ನೀಲಿ ಕಾರುಗಳಿದ್ದವು. 1914ರಿಂದ 1925ರವರೆಗೆ ಮಾತ್ರ ಅದು ಬರೀ ಕಪ್ಪು. ಕಪ್ಪು ಬೇಗ ಒಣಗುತ್ತದೆ, ಅದಕ್ಕೇ ಆರಿಸಿಕೊಂಡರು ಎಂಬ ವಿವರಣೆ ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದಿದೆ. ಕಂಪನಿಯ ಹಳೆಯ ಬಣ್ಣದ ಸೂತ್ರಗಳನ್ನು ಪರಿಶೀಲಿಸಿದವರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಕಾರಿನ ಬೇರೆ ಬೇರೆ ಭಾಗಗಳಿಗೆ ಹತ್ತಾರು ಬಗೆಯ ಕಪ್ಪುಗಳಿದ್ದವು, ಅವು ಒಣಗುವ ಹೊತ್ತೂ ಬೇರೆ ಬೇರೆಯಿತ್ತು. ಡಾಂಬರಿನ ಜಾತಿಗೆ ಸೇರಿದ ವಸ್ತುವಿನಿಂದಾದ ಆ ಕಪ್ಪು ಅಗ್ಗವಾಗಿತ್ತು, ಗಟ್ಟಿಯಾಗಿತ್ತು, ಬಿಸಿಲಿಗೆ ಮಾಸುತ್ತಿರಲಿಲ್ಲ. ಬಿಡಿಭಾಗಗಳನ್ನು ಅದ್ದಿ, ಇಲ್ಲವೇ ಮೇಲಿನಿಂದ ಸುರಿದು, ಒಲೆಯಲ್ಲಿ ಬೇಯಿಸಿ ಒಣಗಿಸಬಹುದಿತ್ತು. ಅಂದರೆ ಫೋರ್ಡಿನ ಕಪ್ಪು ಕಾಯ್ದುಕೊಳ್ಳಬೇಕಾದ ಬಣ್ಣವಲ್ಲ, ತಾನೇ ಕಾಯುವ ಬಣ್ಣ. ಅದರ ಒಡೆಯ ಒಬ್ಬ ರೈತನಾಗಿದ್ದರೆ ಅವನಿಗೆ ಬೇಕಾದದ್ದೂ ಅದೇ.

ಬೇರೆ ಬೇರೆ ಬಣ್ಣದ, ಮುಚ್ಚಿದ ಮೈಯ, ತುಸು ದುಬಾರಿ ಕಾರು ಮಾಡುತ್ತಿದ್ದ ಕಂಪನಿಗಳಿಗೆ ಸಮಸ್ಯೆ ಇದ್ದದ್ದು ವಾರ್ನಿಶಿನಲ್ಲಿ. ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ 1913-14ರ ಹೊತ್ತಿಗೆ ಕಾರಿನ ಚಾಸಿ ಜೋಡಿಸುವ ಸಮಯ ಹನ್ನೆರಡು ಗಂಟೆಗೂ ಮಿಕ್ಕಿದ್ದದ್ದು ಒಂದೂವರೆ ಗಂಟೆಗೆ ಇಳಿದಿತ್ತು. ಬಣ್ಣ ಮಾತ್ರ ವಾರಗಳನ್ನೇ ಕೇಳುತ್ತಿತ್ತು. ನೀವೇ ಲೆಕ್ಕ ಹಾಕಿ ನೋಡಿ: ದಿನಕ್ಕೆ 1,000 ಕಾರು ಮಾಡುವ ಕಾರ್ಖಾನೆಯಲ್ಲಿ ಬಣ್ಣದ ಕೆಲಸಕ್ಕೆ 18 ದಿನ ಹಿಡಿದರೆ, ಯಾವ ಹೊತ್ತಿನಲ್ಲಿ ಹೋಗಿ ನೋಡಿದರೂ 18,000 ಕಾರಿನ ಮೈಗಳು ಸೂರಿನ ಕೆಳಗೆ ಒಣಗುತ್ತಾ ನಿಂತಿರಬೇಕು. ಯಂತ್ರಯುಗ ಅಗಸೆ ಎಣ್ಣೆ ಒಣಗುವುದನ್ನು ಕಾಯುತ್ತಾ ಕೂತಿತ್ತು.

ಉತ್ತರ ಬಂದದ್ದು ಸಿಡಿಮದ್ದಿನ ಕಂಪನಿಯಿಂದ. ಡ್ಯೂಪಾಂಟ್ ಆ ಹೊತ್ತಿಗೆ ನೂರು ವರ್ಷ ದಾಟಿದ ಮದ್ದಿನ ವ್ಯಾಪಾರಿ. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ಸಿಗುವ ನೈಟ್ರೋಸೆಲ್ಯುಲೋಸನ್ನು ಮೊದಲನೆಯ ಮಹಾಯುದ್ಧದ ಬಂದೂಕುಗಳಿಗೆ ಅದು ಅಪಾರ ಪ್ರಮಾಣದಲ್ಲಿ ತಯಾರಿಸಿತ್ತು. ಅದೇ ವಸ್ತುವನ್ನು ದ್ರಾವಕದಲ್ಲಿ ಕರಗಿಸಿದರೆ ಬೇಗ ಒಣಗುವ ಲೇಪ ಸಿಗುತ್ತದೆಂದು ಗೊತ್ತಿತ್ತು. ಆದರೆ ಅದು ವಿಪರೀತ ಮಂದ, ತೆಳು ಮಾಡಿದರೆ ಬಣ್ಣ ನಿಲ್ಲದು. 1920ರಲ್ಲಿ ನ್ಯೂಜೆರ್ಸಿಯ ಪಾರ್ಲಿನ್‌ನಲ್ಲಿದ್ದ ಕಂಪನಿಯ ಪ್ರಯೋಗಾಲಯದಲ್ಲಿ, ಅದನ್ನು ಮಂದವಾಗದಂತೆ ಇಟ್ಟು ಹೆಚ್ಚು ಬಣ್ಣದ ಪುಡಿ ಬೆರೆಸುವ ದಾರಿ ಸಿಕ್ಕಿತು. 1923ರಲ್ಲಿ ಅದಕ್ಕೆ ಡ್ಯೂಕೊ ಎಂದು ಹೆಸರಿಟ್ಟರು. ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರು 1924ರ ಮಾದರಿಯಲ್ಲಿ ಆ ಬಣ್ಣ ಹಚ್ಚಿಕೊಂಡು, 'ಟ್ರೂ ಬ್ಲೂ' ಎಂಬ ನೀಲಿಯಲ್ಲಿ, ಪ್ರದರ್ಶನಕ್ಕೆ ಬಂತು. ಬ್ರಶ್ ಹೋಗಿ ಗಾಳಿಯೊತ್ತಡದ ಸ್ಪ್ರೇ ಬಂತು. ವಾರಗಳ ಕೆಲಸ ದಿನಗಳಿಗಿಳಿಯಿತು, ಬಣ್ಣಗಳ ಮೆರವಣಿಗೆ ಶುರುವಾಯಿತು. 1926ರ ಮಾದರಿಗೆ ಫೋರ್ಡ್ ಕೂಡ ಮತ್ತೆ ಬಣ್ಣಗಳನ್ನು ತಂದಿತು. ಮರುವರ್ಷ ಮಾಡೆಲ್ ಟಿ ನಿಂತೇ ಹೋಯಿತು.

ಡ್ಯೂಪಾಂಟ್ ಬರೀ ಬಣ್ಣ ಮಾರುವ ಕಂಪನಿಯಾಗಿರಲಿಲ್ಲ. 1917ರ ಕೊನೆಯಿಂದ ಅದು ಜನರಲ್ ಮೋಟಾರ್ಸ್‌ನ ಷೇರುಗಳನ್ನು ಕೊಳ್ಳತೊಡಗಿ, ಮುಂದೆ ಸುಮಾರು 23 ಶೇಕಡಾ ಪಾಲು ಹೊಂದಿತ್ತು. 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಒಡೆತನ ಸ್ಪರ್ಧೆಗೆ ಮಾರಕವೆಂದು ತೀರ್ಪಿತ್ತಾಗ, ವಾದದ ನಡುವೆ ಇದ್ದದ್ದು ಕಾರಿಗೆ ಹಚ್ಚುವ ಬಣ್ಣ ಮತ್ತು ಕಾರಿನೊಳಗಿನ ಬಟ್ಟೆ. ಒಂದು ಮೆರುಗಿನ ಲೇಪ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿತ್ತು.

ಈ ಬದಲಾವಣೆಯಲ್ಲಿ ಸೋತವರೂ ಇದ್ದರು. ವಾರ್ನಿಶ್ ಹದವನ್ನು ಮೂಗಿನಿಂದ, ಬೆರಳಿನಿಂದ ತಿಳಿಯುತ್ತಿದ್ದ ಬಣ್ಣಗಾರರ ವಿದ್ಯೆಗೆ ಬೆಲೆ ಹೋಯಿತು. ಅವರ ಜಾಗದಲ್ಲಿ ಸ್ಪ್ರೇ ಗನ್ ಹಿಡಿದು ನಿಂತವರು ದ್ರಾವಕದ ಆವಿಯನ್ನೂ ಸೀಸ ಬೆರೆತ ಮಂಜನ್ನೂ ಉಸಿರಾಡಿದರು. ಆ ಕೆಲಸದಿಂದ ಆರೋಗ್ಯಕ್ಕೆ ಆಗುವ ಹಾನಿಯ ಬಗ್ಗೆ 1920ರ ದಶಕದಲ್ಲೇ ಅಮೆರಿಕದಲ್ಲಿ ತನಿಖೆಗಳು ನಡೆದವು. ಡ್ಯೂಕೊ ಎಂಬ ಹೆಸರು ಮಾತ್ರ ಅಮರವಾಯಿತು. ಇವತ್ತಿಗೂ ಬೆಂಗಳೂರಿನ ಯಾವುದೇ ಮರಗೆಲಸದ ಅಂಗಡಿಗೆ ಹೋಗಿ ಅಡುಗೆಮನೆಯ ಕಪಾಟಿಗೆ ನುಣುಪು ಬಣ್ಣ ಬೇಕೆಂದರೆ, "ಡ್ಯೂಕೊ ಹೊಡೆಸೋಣವಾ ಸಾರ್?" ಎಂದು ಕೇಳುತ್ತಾರೆ. ಅವರು ಹೇಳುತ್ತಿರುವುದು ನೂರು ವರ್ಷ ಹಿಂದಿನ ಒಂದು ಕಾರಿನ ಬಣ್ಣದ ಹೆಸರು.

*

ಡ್ಯೂಕೊ ಗಟ್ಟಿಯಾಗಿತ್ತು, ಆದರೆ ಸ್ಪ್ರೇ ಮಾಡಿದ ಕೂಡಲೇ ಹೊಳೆಯುತ್ತಿರಲಿಲ್ಲ. ನುಣ್ಣನೆಯ ಪುಡಿ ಬೆರೆತ ಲೇಹದಿಂದ ಉಜ್ಜಿ ಹೊಳಪು ತರಬೇಕು. ಬಿಸಿಲಿನಲ್ಲಿ ನಿಂತು ನಿಂತು ಮೇಲ್ಮೈ ಸುಣ್ಣದಂತೆ ಪುಡಿಯಾಗಿ ಮಂಕಾಗುತ್ತಿತ್ತು. ಆಗ ಮತ್ತೆ ಉಜ್ಜಬೇಕು. ಈ ಉಜ್ಜುವ ಕೆಲಸ ಕಾರ್ಖಾನೆಯಿಂದ ಮಾಲೀಕನ ಮನೆಯ ಅಂಗಳಕ್ಕೆ ಬಂತು. ಅದಕ್ಕೆಂದೇ ಡ್ಯೂಪಾಂಟ್ 'ನಂ. 7' ಎಂಬ ಪಾಲಿಶನ್ನು ಮಾರತೊಡಗಿತು. ಬಣ್ಣ ಮಾರಿದವನೇ ಬಣ್ಣ ಉಜ್ಜುವ ಡಬ್ಬಿಯನ್ನೂ ಮಾರಿದ. ಷಿಕಾಗೋದ ಸೈಮನೈಜ್ ಎಂಬ ಮೇಣದ ಹೆಸರಂತೂ ಎಷ್ಟು ಮನೆಮಾತಾಯಿತೆಂದರೆ, ಇಂಗ್ಲಿಷ್ ನಿಘಂಟುಗಳಲ್ಲಿ ಅದು ಕ್ರಿಯಾಪದವಾಗಿಯೇ ಸೇರಿಕೊಂಡಿತು. ಸಾರೋಟಿನ ಕಾಲದಲ್ಲಿ ಆಳು ಮಾಡುತ್ತಿದ್ದ ಕೆಲಸವನ್ನು ಈಗ ಅಮೆರಿಕದ ಮಧ್ಯಮವರ್ಗದ ಗಂಡಸು ರಜಾದಿನ ತೋಳು ಮಡಿಸಿ ತಾನೇ ಮಾಡಿದ. ಜಾಹೀರಾತುಗಳು ಅದನ್ನು ಕೆಲಸವೆನ್ನಲಿಲ್ಲ, ಅಭಿಮಾನ ಎಂದವು.

ನಮ್ಮ ಮಾತಿನಲ್ಲಿ ಎಲ್ಲವೂ 'ಪಾಲಿಶ್' ಆದರೂ, ಇಲ್ಲಿ ಎರಡು ಬೇರೆ ಕೆಲಸಗಳಿವೆ. ಉಜ್ಜುವ ಪಾಲಿಶ್ ತೆಗೆಯುತ್ತದೆ: ಗೀರುಬಿದ್ದ ಮೇಲ್ಮೈಯನ್ನು ಕೂದಲೆಳೆಯ ಒಂದಂಶದಷ್ಟು ಸವೆಸಿ ಸಮ ಮಾಡುತ್ತದೆ. ಮೇಣ ಸೇರಿಸುತ್ತದೆ: ಇರುವ ಮೇಲ್ಮೈಯ ಮೇಲೆ ಇನ್ನೊಂದು ತೆಳು ಪೊರೆ ಹರಡಿ, ನೀರನ್ನೂ ಕೊಳೆಯನ್ನೂ ದೂರವಿಟ್ಟು, ತಾನು ಸವೆದು ಕೆಳಗಿನದನ್ನು ಉಳಿಸುತ್ತದೆ.

ಆ ಮೇಣಗಳ ರಾಜ ಕಾರ್ನೌಬಾ. ಈಶಾನ್ಯ ಬ್ರೆಜಿಲ್‌ನ ಸಿಯಾರಾ, ಪಿಯಾವಿ ಸೀಮೆಗಳಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ್ದು. ಅಲ್ಲಿ ವರ್ಷದ ಬಹುಪಾಲು ಉರಿಬಿಸಿಲು. ಎಲೆಯೊಳಗಿನ ನೀರು ಆರದಂತೆ ಮರ ತನ್ನ ಗರಿಗಳಿಗೆ ತಾನೇ ಮೇಣ ಹಚ್ಚಿಕೊಳ್ಳುತ್ತದೆ. ಉದ್ದ ಗಳುವಿನ ತುದಿಗೆ ಕುಡುಗೋಲು ಕಟ್ಟಿ ಗರಿ ಕೊಯ್ದು, ಬಿಸಿಲಿಗೆ ಒಣಗಿಸಿ, ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಅದು ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕು. ಹೀಗಾಗಿ ಬಿಸಿಲಿಗೆ ಕಾದ ತಗಡಿನ ಮೇಲೂ ನಿಲ್ಲುತ್ತದೆ. ಮೇಣದ ವ್ಯಾಪಾರಿ ಹರ್ಬರ್ಟ್ ಜಾನ್ಸನ್ 1935ರಲ್ಲಿ ನೆಲದ ಮೇಲೂ ನೀರಿನ ಮೇಲೂ ಇಳಿಯಬಲ್ಲ ಸಿಕೋರ್ಸ್ಕಿ ವಿಮಾನದಲ್ಲಿ ವಿಸ್ಕಾನ್ಸಿನ್‌ನಿಂದ ಹೊರಟು ಈ ಮರಗಳನ್ನು ಹುಡುಕಿಕೊಂಡು ಬ್ರೆಜಿಲ್‌ಗೆ ಹೋದ. ಆ ಯಾತ್ರೆಯನ್ನು ಅವನ ಕಂಪನಿ ಇಂದಿಗೂ ಹೆಮ್ಮೆಯಿಂದ ನೆನೆಯುತ್ತದೆ. ಗರಿ ಕೊಯ್ಯುವವರ ಕಥೆಗೆ ಅಷ್ಟು ಹೆಮ್ಮೆಯಿಲ್ಲ. ಈ ಶತಮಾನದಲ್ಲೂ ಬ್ರೆಜಿಲ್‌ನ ಕಾರ್ಮಿಕ ತನಿಖಾಧಿಕಾರಿಗಳು ಕಾರ್ನೌಬಾ ತೋಪುಗಳಿಂದ ಜೀತದಂಥ ಸ್ಥಿತಿಯಲ್ಲಿದ್ದ ಆಳುಗಳನ್ನು ಬಿಡಿಸಿದ್ದಾರೆ. ಮರಕ್ಕೆ ತನ್ನ ಮೈ ಕಾಯುವ ಮೇಣವಿದೆ. ಅದೇ ಮೇಣ ಕಾರಿನ ಮೈ ಕಾಯುತ್ತದೆ. ನಡುವೆ ನಿಂತ ಮನುಷ್ಯನ ಮೈಗೆ ಮಾತ್ರ ನೆರಳೂ ಇಲ್ಲ.

*

ಯುದ್ಧದ ನಂತರದ ದಶಕಗಳಲ್ಲಿ ರಸಾಯನಶಾಸ್ತ್ರ ಇನ್ನಷ್ಟು ಮುಂದೆ ಹೋಯಿತು. 1950ರ ದಶಕದಲ್ಲಿ ಅಕ್ರಿಲಿಕ್ ಬಣ್ಣಗಳು ಬಂದವು. 1960ರ ದಶಕದಲ್ಲಿ ಇಡೀ ಕಾರಿನ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದುಗೊಂದುಗಳಲ್ಲೂ ತುಕ್ಕು ತಡೆವ ಲೇಪ ಕೂರಿಸುವ ವಿಧಾನವನ್ನು ಫೋರ್ಡ್ ಕಂಪನಿ ಬಳಕೆಗೆ ತಂದಿತು. 1980ರ ದಶಕದ ಹೊತ್ತಿಗೆ ಬಣ್ಣವನ್ನೂ ಹೊಳಪನ್ನೂ ಬೇರೆ ಮಾಡಿ ಎರಡು ಪದರಗಳಾಗಿ ಹಚ್ಚುವುದು ಎಲ್ಲೆಡೆ ಹರಡಿತು. ಕೆಳಗೆ ಬಣ್ಣ, ಮೇಲೆ ಅತಿನೇರಳೆ ಕಿರಣ ತಡೆವ ರಾಸಾಯನಿಕ ಬೆರೆತ ಪಾರದರ್ಶಕ ಪದರ. ಸಾರೋಟಿನ ವಾರ್ನಿಶ್ ಒಂದು ಸುತ್ತು ತಿರುಗಿ ಹೊಸ ರೂಪದಲ್ಲಿ ವಾಪಸ್ ಬಂದಂತಾಯಿತು.

ಈ ಪದರಕ್ಕೂ ಶತ್ರುಗಳು ಹುಟ್ಟಿದರು. ಫ್ಲಾರಿಡಾದ ಜಾಕ್ಸನ್‌ವಿಲ್ ಬಂದರಿನಲ್ಲಿ ಹಡಗಿನಿಂದಿಳಿದು ಬಯಲಿನಲ್ಲಿ ನಿಂತ ಹೊಸ ಕಾರುಗಳ ಮೇಲೆ ನೀರಿನ ಹನಿಯ ಆಕಾರದ ಕಲೆಗಳು ಕೊರೆದುಕೊಂಡವು. ಆಮ್ಲ ಬೆರೆತ ಮಳೆ ಬಿದ್ದು, ಬಿಸಿಲಿಗೆ ಹನಿ ಆರುತ್ತಾ ಆಮ್ಲ ಗಟ್ಟಿಯಾಗಿ ಪದರವನ್ನು ತಿಂದಿತ್ತು. ಬಣ್ಣದ ಕಂಪನಿಗಳು ತಮ್ಮ ಹೊಸ ಲೇಪಗಳನ್ನು ಬೇಸಿಗೆಯಲ್ಲಿ ಅದೇ ಊರಿಗೆ ಒಯ್ದು, ಆ ಮಳೆ ಬಿಸಿಲಿಗೇ ಒಡ್ಡಿ ಪರೀಕ್ಷಿಸುವುದು ರೂಢಿಯಾಯಿತು. ಹಕ್ಕಿಯ ಹಿಕ್ಕೆಯೂ, ಗಡಸು ನೀರಿನ ಹನಿಯೂ ಮಾಡುವ ಕೆಲಸ ಇಂಥದ್ದೇ. ಪ್ರತಿಸಲ ಕಲೆ ತೆಗೆಯಲು ಯಂತ್ರ ಹಾಕಿ ಉಜ್ಜಿದಾಗಲೂ 40-50 ಮೈಕ್ರಾನಿನಲ್ಲಿ ಒಂದೆರಡು, ಕೆಲವೊಮ್ಮೆ ಹೆಚ್ಚೇ, ಹೋಗುತ್ತದೆ. ಹೋದದ್ದು ಬರುವುದಿಲ್ಲ. ಪದೇ ಪದೇ 'ರಬ್ಬಿಂಗ್' ಮಾಡಿಸಿದ ಕಾರು ಒಂದು ದಿನ ಚರ್ಮ ಸುಲಿದಂತೆ ಬಿಳಿಚಿಕೊಳ್ಳುವುದು ಇದರಿಂದಲೇ.

ಈಗಿನ ಮಾತು ಸಿರಾಮಿಕ್ ಕೋಟಿಂಗ್. ಮರಳಿನ ಮೂಲದ್ರವ್ಯವಾದ ಸಿಲಿಕಾ ಆಧಾರದ ದ್ರವವನ್ನು ಹಚ್ಚಿದರೆ ಅದು ಪಾರದರ್ಶಕ ಪದರಕ್ಕೆ ಅಂಟಿ ಗಾಜಿನಂಥ ಪೊರೆಯಾಗುತ್ತದೆ. ಮೇಣದಂತೆ ಕೆಲವೇ ವಾರಕ್ಕೆ ಹೋಗುವುದಿಲ್ಲ, ನೀರು ಮಣಿಮಣಿಯಾಗಿ ಉರುಳುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ. ಇದೆಲ್ಲ ನಿಜ. ಕಲ್ಲು ಸಿಡಿದರೆ ತಡೆಯುವುದಿಲ್ಲ, ತೊಳೆಯುವ ಕೆಲಸ ತಪ್ಪುವುದಿಲ್ಲ ಎಂಬುದೂ ಅಷ್ಟೇ ನಿಜ. ಇಂಥ ಕೋಟಿಂಗಿನ ಗ್ಯಾರಂಟಿ ಕಾರ್ಡುಗಳನ್ನು ಓದಿ ನೋಡಿ. ಮುಂದೆ ವರ್ಷಗಳ ಭರವಸೆ ದಪ್ಪಕ್ಷರದಲ್ಲಿರುತ್ತದೆ. ಹಿಂದೆ, ಇಷ್ಟು ತಿಂಗಳಿಗೊಮ್ಮೆ ಕಾರನ್ನು ತಂದು ಮೇಂಟೆನೆನ್ಸ್ ಮಾಡಿಸಿದರೆ ಮಾತ್ರ ಎಂಬ ಷರತ್ತು ಸಣ್ಣಕ್ಷರದಲ್ಲಿ. ನನ್ನ ಆ ಎರಡು ಕಾಗದಗಳು ಇಲ್ಲಿ ಒಂದೇ ಕಾಗದದ ಎರಡು ಮಗ್ಗುಲಾಗಿವೆ.

*

ಅಗಸೆ ಎಣ್ಣೆಯಿಂದ ಸಿಲಿಕಾದವರೆಗೆ ಮೇಲ್ಪದರದ ರಸಾಯನ ಐದಾರು ಸಲ ಬದಲಾಗಿದೆ. ಆದರೆ ಸಾರೋಟಿನ ಕೈಪಿಡಿಯನ್ನೂ ಈಗಿನ ಕಾರಿನ ಕೈಪಿಡಿಯನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಬದಲಾಗದೆ ಉಳಿದ ಒಂದು ಸಾಲಿನ ವಿವೇಕ: ಒಣ ಧೂಳು ಉಜ್ಜಬೇಡಿ. ನೆರಳಿನಲ್ಲಿ ನಿಲ್ಲಿಸಿ, ಮೊದಲು ನೀರು ಬಿಟ್ಟು ಧೂಳು ನೆನೆದು ಇಳಿಯಲಿ. ಮೆದುವಾದ ಶಾಂಪೂ ನೀರಿನ ಬಕೆಟ್ ಒಂದು, ಬಟ್ಟೆ ಜಾಲಾಡಲು ಇನ್ನೊಂದು. ಮೇಲಿನಿಂದ ಕೆಳಕ್ಕೆ ತೊಳೆಯಿರಿ, ಹನಿ ಒಣಗಿ ಕಲೆ ಕಟ್ಟುವ ಮೊದಲು ಒರೆಸಿ. ಹಿಕ್ಕೆ ಬಿದ್ದರೆ ಅವತ್ತೇ ಒದ್ದೆ ಬಟ್ಟೆಯಿಂದ ನೆನೆಸಿ ತೆಗೆಯಿರಿ. ಇಷ್ಟು ಮಾಡಿದವರಿಗೆ ಮೇಣವಾದರೂ ಸಾಕು. ಇಷ್ಟು ಮಾಡದವರಿಗೆ ಯಾವ ಕೋಟಿಂಗೂ ಸಾಲದು. ಧೂಳೆಂದರೆ ಬಹುಪಾಲು ಕಲ್ಲಿನ ಪುಡಿ. ಒಣಗಿದ ಬಟ್ಟೆಯ ಕೆಳಗೆ ಅದು ಎಮರಿ ಕಾಗದವಾಗುತ್ತದೆ. ಬಿಸಿಲಿನಲ್ಲಿ ಕಪ್ಪು ಕಾರಿನ ಬಾನೆಟ್ ಮೇಲೆ ಜೇಡರ ಬಲೆಯಂತೆ ಸುತ್ತು ಸುತ್ತು ಗೀರು ಕಾಣುವುದು ಈ ಕಾರಣಕ್ಕೆ.

ಹಾಗಾದರೆ ಗೊತ್ತಿದ್ದೂ ಒಣ ಧೂಳನ್ನು ಉಜ್ಜುವವರು ಯಾರು? ಬೆಂಗಳೂರಿನಲ್ಲಿ ಬಹಳಷ್ಟು ಕಾರುಗಳನ್ನು ಒರೆಸುವುದು ಮಾಲೀಕರಲ್ಲ. ಬೆಳಗಿನ ಜಾವ ಬಕೆಟ್ಟು, ಬಟ್ಟೆ ಹಿಡಿದು ಬೀದಿ ಬೀದಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆ ಸುತ್ತಿ, ತಿಂಗಳ ಲೆಕ್ಕದಲ್ಲಿ ಕಾರು ಒರೆಸುವವರು. ನಾನಿರುವ ಬೀದಿಯಲ್ಲಿ ಈ ಕೆಲಸ ಮಾಡುವವರು ಯಾದಗಿರಿ ಕಡೆಯ ಒಬ್ಬ ನಡುವಯಸ್ಸಿನ ವ್ಯಕ್ತಿ. ಅಧ್ಯಯನದ ನೆಪದಲ್ಲಿ ಒಮ್ಮೆ ಕೇಳಿದೆ, "ಅಣ್ಣಾ, ಮೊದಲು ನೀರು ಹಾಕಿ ಧೂಳು ನೆನೆಸಿದರೆ ಗೀರು ಬೀಳುವುದಿಲ್ಲ ಅಲ್ಲವಾ?" ಅವರು ಬಟ್ಟೆ ಹಿಂಡುತ್ತಲೇ ನಕ್ಕರು. "ಗೊತ್ತೈತ್ರೀ ಸರ್. ನೆನೀಬೇಕಂದ್ರ ನೀರ್ ಬೇಕಲ್ರೀ. ಒಂದ್ ಬಕೀಟಿನ್ಯಾಗ ಮೂರು ಗಾಡಿ ಒರಸ್ಬೇಕು. ಎಂಟು ಹೊಡಿಯೂದ್ರಾಗ ಎಲ್ಲಾ ಮುಗೀಬೇಕು. ಗೀರ್ ಬಿತ್ತಂದ್ರ ಮತ್ತ ನನಗs ಬೈತಾರ." ಸಾರೋಟಿನ ಕೈಪಿಡಿಯ ತಿಳುವಳಿಕೆ ಅವರಲ್ಲಿ ಪೂರ್ತಿ ಇತ್ತು. ಇಲ್ಲದ್ದು ನೀರು ಮತ್ತು ಹೊತ್ತು.

2024ರ ಮಾರ್ಚ್‌ನಲ್ಲಿ ನಗರದ ಕೊಳವೆಬಾವಿಗಳು ಬತ್ತಿ ಟ್ಯಾಂಕರುಗಳಿಗೆ ಜನ ಕಾದು ನಿಂತಾಗ, ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ಬೆಂಗಳೂರು ಜಲಮಂಡಳಿ ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಆ ಆದೇಶ ಸರಿಯಾದದ್ದೇ. ಆದರೆ ನೀರು ನಿಂತರೂ ಕಾರು ಹೊಳೆಯಬೇಕೆಂಬ ನಿರೀಕ್ಷೆ ನಿಲ್ಲಲಿಲ್ಲ. ಒಂದು ಬಕೆಟ್ ನೀರು ಅರ್ಧ ಬಕೆಟ್ ಆದರೂ ತಿಂಗಳ ಹಣ ಬೇಕಾದವರು ಒರೆಸುವುದನ್ನು ಬಿಡುವಂತಿರಲಿಲ್ಲ. ಆ ಕಡಿಮೆ ನೀರು ಬಿಡಿಸುವ ಗೀರುಗಳಿಗಾಗಿ ಮಾಲೀಕರು ಮುಂದೆ ಸಾವಿರಾರು ರೂಪಾಯಿ ಕೊಟ್ಟು ಕೋಟಿಂಗ್ ಮಾಡಿಸುತ್ತಾರೆ. ಅದಕ್ಕೂ ಮುನ್ನ ಯಂತ್ರ ಹಾಕಿ ಉಜ್ಜಿ, ಇರುವ 40-50 ಮೈಕ್ರಾನಿನಲ್ಲಿ ಇನ್ನಷ್ಟು ಸವೆಸುತ್ತಾರೆ.

ಕೋವನ್ ಅವರ ಮಾತನ್ನು ಇಲ್ಲಿಗೆ ತಂದರೆ, ಮೆರುಗು ಕಾಯುವ ಕೆಲಸ ಈ ನೂರು ವರ್ಷಗಳಲ್ಲಿ ಎಲ್ಲೂ ಮುಗಿದಿಲ್ಲ. ಲಾಯದ ಆಳಿನಿಂದ ರಜಾದಿನದ ಯಜಮಾನನಿಗೆ, ಸ್ಪ್ರೇ ಗನ್ ಹಿಡಿದವನಿಗೆ, ಗರಿ ಕೊಯ್ಯುವವನಿಗೆ, ಬೆಳಗಿನ ಜಾವದ ಬಕೆಟ್ಟಿನವನಿಗೆ ಕೈ ಬದಲಾಯಿಸಿದೆ. ನನ್ನ ಪ್ರಬಂಧದ ಅಧ್ಯಾಯದಲ್ಲಿ ಇವರಲ್ಲಿ ಕೆಲವರಿಗಾದರೂ ಜಾಗ ಮಾಡಲು ಪ್ರಯತ್ನಿಸುತ್ತಿದ್ದೇನೆ. ಅದು ಸುಲಭವಲ್ಲ: ಬಣ್ಣದ ಕಂಪನಿಗಳು ಬಿಟ್ಟುಹೋದ ಕಾಗದಗಳು ರಾಶಿ ರಾಶಿ ಇವೆ, ಒರೆಸಿದವರು ಯಾವ ಕಾಗದವನ್ನೂ ಬಿಟ್ಟುಹೋಗುವುದಿಲ್ಲ. ಈ ಬರಹ ಓದುತ್ತಿರುವ ನಿಮ್ಮ ಮನೆಯಲ್ಲಿ ಕಾರಿದ್ದು, ಅದನ್ನು ಒರೆಸಲು ಒಬ್ಬರು ಬರುತ್ತಿದ್ದರೆ, ಕೋಟಿಂಗಿನ ಬೆಲೆ ವಿಚಾರಿಸುವ ಮೊದಲು ಅವರಿಗೆ ಎರಡನೆಯ ಬಕೆಟ್ ನೀರು ಎಲ್ಲಿ ಸಿಗುತ್ತದೆ ಎಂದು ಕೇಳಿ. ತರಕಾರಿ ತೊಳೆದ ನೀರೋ, ಮಳೆನೀರಿನ ತೊಟ್ಟಿಯದೋ, ಯಾವುದಾದರೂ ಆದೀತು. ನಾಲ್ಕು ಕಾರುಗಳ ಬದಲು ಎರಡೇ ಕಾರು ಒರೆಸುವಷ್ಟು ಹೊತ್ತಿಗೆ ಎಷ್ಟು ಕೊಡಬೇಕು ಎಂದೂ ಕೇಳಿ.